‘ಬೆಕ್ಕಲ್ವಾ, ವಾಂತಿ ಮಾಡುತ್ತೆ ಬಿಡಿ’

ರಾತ್ರಿ ಮೂರು ಗಂಟೆಗೆ ದಿವಾನದ ಕೆಳಗಿನಿಂದ ಬರುವ ಆ ಸದ್ದು ಬೆಕ್ಕು ಸಾಕಿದವರಿಗೆಲ್ಲ ಗೊತ್ತು. ಮೊದಲು ಒಂದು ಕೂಗು, ದಿನದ ಮಿಯಾವ್ ಅಲ್ಲ, ಹೊಟ್ಟೆಯ ಆಳದಿಂದ ಎಳೆದು ತಂದ ಹಾಗಿರುವ ಕೂಗು. ಆಮೇಲೆ ಪಕ್ಕೆಗಳು ಒಳಗೆ ಹೊರಗೆ ಬಡಿದುಕೊಳ್ಳುವ ‘ಹುಕ್, ಹುಕ್, ಹುಕ್’. ದೀಪ ಹಾಕಿ ಬಗ್ಗಿ ನೋಡುವಷ್ಟರಲ್ಲಿ ನೆಲದ ಮೇಲೆ ಅಂಗೈಯಗಲ ಬಿಳಿ ನೊರೆ, ಅದರ ಅಂಚಿನಲ್ಲಿ ಒಂದಿಷ್ಟು ಹಳದಿ. ಬೆಕ್ಕು ಎರಡು ಹೆಜ್ಜೆ ಹಿಂದೆ ಸರಿದು, ಮುಂಗಾಲು ಮಡಚಿ, ಕಣ್ಣು ಅರೆಮುಚ್ಚಿ ಕೂತಿರುತ್ತದೆ.

ನಮ್ಮ ಕೆಂಪಿ ಹೀಗೆ ವಾಂತಿ ಮಾಡಲು ಶುರು ಮಾಡಿದಾಗ ಅವಳಿಗೆ 13 ವರ್ಷ. ಮೂರನೇ ಮಹಡಿಯ ಫ್ಲ್ಯಾಟ್ ಬಿಟ್ಟು ಹೊರಗೆ ಕಾಲಿಟ್ಟವಳಲ್ಲ. ಮೊದಮೊದಲು ಹದಿನೈದು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ವಾರಕ್ಕೆ ಎರಡು ಮೂರು ಸಲ. ಯಾರಿಗೆ ಹೇಳಿದರೂ ಬಂದದ್ದು ಒಂದೇ ಉತ್ತರ: ‘ಬೆಕ್ಕಲ್ವಾ, ವಾಂತಿ ಮಾಡುತ್ತೆ ಬಿಡಿ. ಕೂದಲು ಇರಬೇಕು.’ ಒಂದು ಕ್ಲಿನಿಕ್ಕಿನಲ್ಲಿ ಮುಟ್ಟಿ ನೋಡದೆಯೇ ‘ವಯಸ್ಸಾಯ್ತಲ್ಲ’ ಎಂದರು. ನಾನೂ ಒಂದು ವರ್ಷದ ಹತ್ತಿರ ಆ ಮಾತನ್ನು ನಂಬಿಕೊಂಡೇ ಇದ್ದೆ. ಅಷ್ಟರಲ್ಲಿ 4.6 ಕೆಜಿ ಇದ್ದವಳು 3.7ಕ್ಕೆ ಇಳಿದಿದ್ದಳು. ನಾಲ್ಕೂವರೆ ಕೆಜಿಯ ಪ್ರಾಣಿ 900 ಗ್ರಾಂ ಕಳೆದುಕೊಳ್ಳುವುದೆಂದರೆ 65 ಕೆಜಿಯ ಮನುಷ್ಯ 13 ಕೆಜಿ ಕಳೆದುಕೊಂಡಂತೆ. ಮನೆಯ ಹಿರಿಯರೊಬ್ಬರು ಹಾಗೆ ಸೊರಗಿದ್ದರೆ ನಾವು ಸುಮ್ಮನೆ ಕೂರುತ್ತಿದ್ದೆವೇ?

ಬೆಕ್ಕು ಅಪರೂಪಕ್ಕೊಮ್ಮೆ ಕಕ್ಕುವುದು ಸಹಜ, ನಿಜ. ಆದರೆ ಮೂರು ವಾರಕ್ಕಿಂತ ಹೆಚ್ಚು ಕಾಲ ಮತ್ತೆ ಮತ್ತೆ ಆಗುವ ವಾಂತಿ ಸ್ವಭಾವವಲ್ಲ, ರೋಗಲಕ್ಷಣ. ವೈದ್ಯಲೋಕದಲ್ಲಿ ಈ ವಿಷಯದಲ್ಲಿ ಈಗ ಹೆಚ್ಚು ತಕರಾರಿಲ್ಲ. 2013ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬಹುಕಾಲದ ವಾಂತಿ, ಭೇದಿ, ತೂಕನಷ್ಟದಂಥ ತೊಂದರೆಯಿದ್ದು, ಸ್ಕ್ಯಾನಿಂಗ್‌ನಲ್ಲಿ ಸಣ್ಣಕರುಳಿನ ಗೋಡೆ ದಪ್ಪವಾಗಿ ಕಂಡ 100 ಬೆಕ್ಕುಗಳ ಕರುಳಿನ ತುಣುಕು ತೆಗೆದು ಪರೀಕ್ಷಿಸಿದ್ದರು. 99 ಬೆಕ್ಕುಗಳಲ್ಲಿ ಕರುಳಿನ ಕಾಯಿಲೆ ಸಿಕ್ಕಿತು. ಹತ್ತಿರ ಹತ್ತಿರ ಅರ್ಧಕ್ಕೆ ದೀರ್ಘಕಾಲದ ಉರಿಯೂತ, ಉಳಿದವುಗಳಲ್ಲಿ ಬಹುಪಾಲಿಗೆ ಲಿಂಫೋಮಾ ಎಂಬ ಕ್ಯಾನ್ಸರ್. ಸ್ಕ್ಯಾನಿಂಗ್‌ನಲ್ಲಿ ಆಗಲೇ ಏರುಪೇರು ಕಂಡಿದ್ದ ಬೆಕ್ಕುಗಳನ್ನೇ ಆರಿಸಿದ್ದರಿಂದ ಈ ಲೆಕ್ಕ ಎಲ್ಲ ಬೆಕ್ಕುಗಳಿಗೂ ಅನ್ವಯಿಸುವುದಿಲ್ಲ. ಆದರೂ ನನ್ನ ನಿದ್ದೆ ಕೆಡಿಸಲು ಅದು ಸಾಕಾಯಿತು.

ಕೂದಲಿನ ವಿಷಯಕ್ಕೇ ಮೊದಲು ಬರೋಣ, ಏಕೆಂದರೆ ಎಲ್ಲ ತಪ್ಪು ಸಮಾಧಾನಗಳ ಬೇರು ಅಲ್ಲಿದೆ. ಬೆಕ್ಕಿನ ನಾಲಿಗೆ ಕೈಗೆ ತಾಗಿದರೆ ಉಪ್ಪುಕಾಗದದಂತಿರುತ್ತದೆ. ಅದರ ತುಂಬ ಗಂಟಲ ಕಡೆಗೆ ಬಾಗಿದ ಸಣ್ಣ ಕೊಕ್ಕೆಗಳು. ಮೈ ನೆಕ್ಕಿದಾಗ ಉದುರುಗೂದಲು ಆ ಕೊಕ್ಕೆಗಳಿಗೆ ಸಿಕ್ಕಿ ಒಳಗೆ ಹೋಗಲೇಬೇಕು. ಆರೋಗ್ಯವಂತ ಬೆಕ್ಕಿನಲ್ಲಿ ಅದು ಕರುಳು ದಾಟಿ ಮಲದಲ್ಲಿ ಹೋಗುತ್ತದೆ. ಗಿಡ್ಡಗೂದಲ ಬೆಕ್ಕು ಪದೇ ಪದೇ ಕೂದಲುಂಡೆ ಕಕ್ಕುತ್ತಿದೆ ಎಂದರೆ ಎರಡರಲ್ಲಿ ಒಂದು ಆಗಿರಬಹುದು. ಕಡಿತ, ನೋವು, ಅಂಜಿಕೆಯಿಂದ ಅದು ಅತಿಯಾಗಿ ಮೈ ನೆಕ್ಕುತ್ತಿದೆ, ಇಲ್ಲವೇ ಹೊಟ್ಟೆ-ಕರುಳು ಕೂದಲನ್ನು ಮುಂದೆ ತಳ್ಳುವ ಶಕ್ತಿ ಕಳೆದುಕೊಂಡಿದೆ. ಅಂದರೆ ಉಂಡೆಯಲ್ಲಿ ಕೂದಲು ಕಂಡ ಮಾತ್ರಕ್ಕೆ ಕಾರಣ ಸಿಕ್ಕಿತು ಎಂದು ತಿಳಿಯುವಂತಿಲ್ಲ. ಹುಲ್ಲು ತಿಂದು ಕಕ್ಕುವುದೂ ಹಾಗೆಯೇ. ಬಹುತೇಕ ಬೆಕ್ಕುಗಳು ಹುಲ್ಲು ಮೇಯುತ್ತವೆ, ಅವುಗಳಲ್ಲಿ ಕಡಿಮೆ ಪಾಲು ಮಾತ್ರ ಆಮೇಲೆ ವಾಂತಿ ಮಾಡುತ್ತವೆ.

ಇನ್ನೊಂದು ಗೊಂದಲವೂ ಇದೆ. ವಾಂತಿ, ತಿಂದದ್ದು ಹಾಗೆಯೇ ಮೇಲೆ ಬರುವುದು, ಕೆಮ್ಮು, ಈ ಮೂರೂ ದೂರದಿಂದ ಒಂದೇ ಥರ ಕಾಣುತ್ತವೆ. ವಾಂತಿಯಲ್ಲಿ ಹೊಟ್ಟೆಯ ಸ್ನಾಯು ದುಡಿಯುತ್ತದೆ, ಪಕ್ಕೆ ಬಡಿದುಕೊಳ್ಳುತ್ತದೆ. ಅನ್ನನಾಳದಿಂದಲೇ ವಾಪಸು ಬಂದ ಆಹಾರವಾದರೆ ಶ್ರಮವೇ ಇಲ್ಲ, ಬೆಕ್ಕು ತಲೆ ಬಗ್ಗಿಸಿದರೆ ಕೊಳವೆಯ ಆಕಾರದಲ್ಲಿ ಜೀರ್ಣವಾಗದ ಕಾಳು ಬೀಳುತ್ತದೆ. ಇದಕ್ಕೆ ಕಾರಣ ಬೇರೆ, ಚಿಕಿತ್ಸೆ ಬೇರೆ. ಕತ್ತು ನೆಲಕ್ಕೆ ಚಾಚಿ, ಭುಜ ಮೇಲೆತ್ತಿ ‘ಖಕ್ ಖಕ್’ ಎಂದು, ಕೊನೆಗೆ ಏನೂ ಬರದೆ ಗುಟುಕರಿಸಿ ಸುಮ್ಮನಾದರೆ ಅದು ಅಸ್ತಮಾ ಆಗಿರಬಹುದು. ಕೂದಲು ಸಿಕ್ಕಿಕೊಂಡಿದೆ ಎಂದು ವರ್ಷಗಟ್ಟಲೆ ಕೂದಲಿನ ಪೇಸ್ಟ್ ನೆಕ್ಕಿಸಿ, ಕೊನೆಗೆ ಎಕ್ಸ್‌ರೇಯಲ್ಲಿ ಅಸ್ತಮಾ ಎಂದು ತಿಳಿಯುವ ಮನೆಗಳಿವೆ. ಆದ್ದರಿಂದ ನನ್ನ ಮೊದಲ ಸಲಹೆ ಎಲ್ಲರಿಗೂ ಒಂದೇ: ಒರೆಸುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಸಾಧ್ಯವಾದರೆ ಆಗುತ್ತಿರುವಾಗಲೇ ವಿಡಿಯೊ ಮಾಡಿ. ವೈದ್ಯರ ಮೇಜಿನ ಮೇಲೆ ಬೆಕ್ಕು ಯಾವತ್ತೂ ವಾಂತಿ ಮಾಡುವುದಿಲ್ಲ. ಬಿಳಿ ನೊರೆ ಎಂದರೆ ಖಾಲಿ ಹೊಟ್ಟೆ, ಹಳದಿ ಎಂದರೆ ಪಿತ್ತ. ಫಿಲ್ಟರಿನಲ್ಲಿ ಉಳಿಯುವ ಕಾಫಿ ಗಷ್ಟಿನಂಥ ಕಂದು ಪುಡಿ ಕಂಡರೆ ಅದು ಜೀರ್ಣಗೊಂಡ ರಕ್ತ. ಅದಕ್ಕೆ ನಾಳೆ ಎನ್ನುವಂತಿಲ್ಲ.

ವಯಸ್ಸಾದ ಬೆಕ್ಕಿನ ವಾಂತಿಗೆ ಹೊಟ್ಟೆಯೇ ಕಾರಣವಾಗಬೇಕೆಂದೂ ಇಲ್ಲ. ಕೆಂಪಿಯ ಕಾಯಿಲೆ ಮೊದಲು ಸಿಕ್ಕಿದ್ದು ಮೂತ್ರಪಿಂಡದಲ್ಲಿ. ಹತ್ತು ದಾಟಿದ ಬೆಕ್ಕುಗಳಲ್ಲಿ ಮೂರರಲ್ಲಿ ಒಂದಕ್ಕಾದರೂ ಕಿಡ್ನಿ ಕಾಯಿಲೆಯ ಯಾವುದೋ ಹಂತ ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಕಷ್ಟವೆಂದರೆ, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರುವ ಹೊತ್ತಿಗೆ ಮೂತ್ರಪಿಂಡದ ಮುಕ್ಕಾಲು ಪಾಲು ಕೆಲಸ ನಿಂತಿರುತ್ತದೆ. ಎಸ್‌ಡಿಎಂಎ ಎಂಬ ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಂಚೆಯೇ ಸುಳಿವು ಕೊಡುತ್ತದೆ. ಮೂತ್ರ ತೆಳುವಾಗುವುದು ಅದಕ್ಕೂ ಸರಳವಾದ ಸುಳಿವು. ನಮ್ಮ ಮನೆಯಲ್ಲಿ ಬೆಕ್ಕಿನ ಮರಳ ತಟ್ಟೆಯ ಉಂಡೆಗಳು ನಿಂಬೆಯ ಗಾತ್ರದಿಂದ ಕಿತ್ತಳೆಯ ಗಾತ್ರಕ್ಕೆ ಬಂದಿದ್ದವು. ‘ಪಾಪ, ಚೆನ್ನಾಗಿ ನೀರು ಕುಡೀತಿದ್ದಾಳೆ’ ಎಂದು ನಾನು ಖುಷಿಪಟ್ಟಿದ್ದೆ.

1998ರಲ್ಲಿ ಹುಟ್ಟಿದ ‘ಐರಿಸ್’ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ ಈ ಕಾಯಿಲೆಯನ್ನು ನಾಲ್ಕು ಹಂತವಾಗಿ ವಿಂಗಡಿಸಿದೆ. ಕ್ರಿಯಾಟಿನಿನ್ 1.6ರಿಂದ 2.8 ಇದ್ದರೆ ಎರಡನೆಯದು, 5 ದಾಟಿದರೆ ನಾಲ್ಕನೆಯದು. ಈ ಅಂಕಿಗಳನ್ನು ಬರೆಯಲು ಕಾರಣವಿದೆ. ‘ಕಿಡ್ನಿ ಹೋಗಿದೆ’ ಎಂಬ ಒಂದೇ ಮಾತು ಕೇಳಿ ಎಷ್ಟೋ ಜನ ಕೈಚೆಲ್ಲುತ್ತಾರೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡನೇ ಹಂತದಲ್ಲಿ ಪತ್ತೆಯಾದ ಬೆಕ್ಕುಗಳು ಸರಾಸರಿ ಮೂರು ವರ್ಷ, ಮೂರನೇ ಹಂತದವು ಎರಡು ವರ್ಷ ಬದುಕಿದ್ದವು. ನಾಲ್ಕನೆಯದಕ್ಕೆ ಉಳಿದದ್ದು ಮೂರು ತಿಂಗಳ ಆಸುಪಾಸು. ಬ್ರಿಟನ್ನಿನಲ್ಲಿ 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ರಂಜಕ ಮತ್ತು ಪ್ರೋಟೀನು ಮಿತಗೊಳಿಸಿದ ಆಹಾರ ತಿಂದ ಬೆಕ್ಕುಗಳು 633 ದಿನ, ಮಾಮೂಲಿ ಆಹಾರದವು 264 ದಿನ ಬದುಕಿದ್ದವು. ಆಹಾರ ಬದಲಿಸಿದ್ದಕ್ಕೇ ಒಂದು ವರ್ಷ! ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಥೈರಾಯ್ಡಿನ ಕಥೆ ಕುತೂಹಲದ್ದು. ಬೆಕ್ಕುಗಳಲ್ಲಿ ಈ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಕಾಯಿಲೆಯ ಮೊದಲ ವರದಿಗಳು ಬಂದದ್ದೇ 1979ರಲ್ಲಿ, ನ್ಯೂಯಾರ್ಕಿನಿಂದ. ಇಂದು ಅಮೆರಿಕದಲ್ಲಿ ಹತ್ತು ದಾಟಿದ ಬೆಕ್ಕುಗಳಲ್ಲಿ ಹತ್ತರಲ್ಲಿ ಒಂದಕ್ಕೆ ಇದೆ ಎನ್ನುತ್ತಾರೆ. ಬೆಕ್ಕು ಗಬಗಬ ತಿನ್ನುತ್ತದೆ, ಆದರೂ ಸೊರಗುತ್ತದೆ, ರಾತ್ರಿಯೆಲ್ಲ ಕೂಗುತ್ತ ಓಡಾಡುತ್ತದೆ, ಕಕ್ಕುತ್ತದೆ. ಚುರುಕಾಗಿದೆ ಎಂದು ಮನೆಯವರು ಸಂತೋಷಪಡುವುದೇ ಇಲ್ಲಿನ ಅಪಾಯ. ರಕ್ತದ ಟಿ4 ಪರೀಕ್ಷೆ ಸಾಮಾನ್ಯವಾಗಿ ಇದನ್ನು ಹಿಡಿದುಕೊಡುತ್ತದೆ, ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಆದರೆ ಅತಿವೇಗದ ರಕ್ತಸಂಚಾರ ಕಿಡ್ನಿಯ ದೋಷವನ್ನು ಮುಚ್ಚಿಟ್ಟಿರುತ್ತದೆ. ಥೈರಾಯ್ಡ್ ಇಳಿದ ಮೇಲೆ ಅದು ಹೊರಬೀಳಬಹುದು, ಆದ್ದರಿಂದ ಒಂದು ತಿಂಗಳಲ್ಲಿ ಮತ್ತೆ ರಕ್ತ ನೋಡಿಸಬೇಕು. ಈ ಎರಡು ಕಾಯಿಲೆಗಳಲ್ಲೂ ರಕ್ತದೊತ್ತಡ ಏರುತ್ತದೆ. ನಿನ್ನೆವರೆಗೂ ಕಿಟಕಿಗೆ ನೆಗೆಯುತ್ತಿದ್ದ ಬೆಕ್ಕು ಇಂದು ಗೋಡೆಗೆ ಹಾಯುತ್ತಿದ್ದರೆ ಕಣ್ಣಿನ ಒಳಪೊರೆ ಕಿತ್ತುಬಂದಿರಬಹುದು.

ಮೇದೋಜೀರಕ ಗ್ರಂಥಿಯ ಉರಿಯೂತವನ್ನು ಪತ್ತೆಹಚ್ಚುವುದು ಕಷ್ಟ. ನಾಯಿಗೆ ಬಂದರೆ ಹೊಟ್ಟೆನೋವಿನಿಂದ ಬಾಗಿ ನಿಲ್ಲುತ್ತದೆ, ಬೆಕ್ಕು ಸುಮ್ಮನೆ ಮಂಕಾಗುತ್ತದೆ, ಅಷ್ಟೆ. ಬೆಕ್ಕಿನ ದೇಹದಲ್ಲಿ ಪಿತ್ತನಾಳವೂ ಮೇದೋಜೀರಕದ ನಾಳವೂ ಕೂಡಿಕೊಂಡೇ ಕರುಳಿಗೆ ತೆರೆದುಕೊಳ್ಳುವುದರಿಂದ ಒಂದರ ಬೆಂಕಿ ಮೂರಕ್ಕೂ ಹಬ್ಬುತ್ತದೆ. ಸಕ್ಕರೆ ಕಾಯಿಲೆ, ಮಲಬದ್ಧತೆ, ಹಲ್ಲುನೋವು ಕೂಡ ಪಟ್ಟಿಯಲ್ಲಿವೆ. ವಯಸ್ಸಾದ ಬೆಕ್ಕಿಗೆ ಒಂದೇ ಕಾಯಿಲೆ ಇರಬೇಕೆಂಬ ನಿಯಮವೂ ಇಲ್ಲ. ಕಿಡ್ನಿ ಗೊತ್ತಾದ ಎಂಟು ತಿಂಗಳಿಗೆ ಕೆಂಪಿಯ ಸ್ಕ್ಯಾನಿಂಗ್‌ನಲ್ಲಿ ಕರುಳಿನ ಗೋಡೆಯೂ ದಪ್ಪವಾಗಿ ಕಂಡಿತು.

ಅಲ್ಲಿ ಒಂದು ಕವಲು ಬರುತ್ತದೆ. ಉರಿಯೂತವೋ ನಿಧಾನಗತಿಯ ಲಿಂಫೋಮಾವೋ ಎಂದು ಸ್ಕ್ಯಾನಿಂಗ್ ಹೇಳಲಾರದು, ಬಯಾಪ್ಸಿ ಬೇಕು. ಹದಿನಾಲ್ಕು ವರ್ಷದ, ಕಿಡ್ನಿ ಕೆಟ್ಟ ಬೆಕ್ಕಿಗೆ ಅರಿವಳಿಕೆ ಕೊಡಿಸಬೇಕೇ? ನಮ್ಮ ವೈದ್ಯೆ ಮೊದಲು ಆಹಾರ ಬದಲಿಸಿ ನೋಡೋಣ ಎಂದರು. ಬೆಕ್ಕು ಹಿಂದೆಂದೂ ತಿನ್ನದ ಮಾಂಸದ್ದು, ಇಲ್ಲವೇ ಪ್ರೋಟೀನನ್ನು ಚೂರು ಚೂರಾಗಿ ಒಡೆದ ವಿಶೇಷ ಆಹಾರ ಮಾತ್ರ, ಬೇರೆ ಒಂದು ತುಣುಕೂ ಇಲ್ಲ. ಆಹಾರವೇ ಕಾರಣವಾಗಿದ್ದರೆ ಎರಡು ಮೂರು ವಾರದಲ್ಲೇ ವಾಂತಿ ಇಳಿಮುಖವಾಗುತ್ತದೆ. ಜೊತೆಗೆ ಬಿ12 ಇಂಜೆಕ್ಷನ್, ಏಕೆಂದರೆ ಕೆಟ್ಟ ಕರುಳು ಅದನ್ನು ಹೀರಲಾರದು. ಕೆಂಪಿಗೆ ಇವೆರಡರಿಂದಲೇ ಅರ್ಧ ಗುಣ ಕಂಡಿತು, ಉಳಿದದ್ದಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್. ನಾವು ಬಯಾಪ್ಸಿ ಮಾಡಿಸಲಿಲ್ಲ, ಆ ತೀರ್ಮಾನದ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಆದರೆ ಮೈಯಲ್ಲಿ ಕಸುವಿರುವ ಹತ್ತು ವರ್ಷದ ಬೆಕ್ಕಾಗಿದ್ದರೆ ಮಾಡಿಸುತ್ತಿದ್ದೆ. ನಿಧಾನಗತಿಯ ಲಿಂಫೋಮಾ ಎಂದು ಖಚಿತವಾದರೆ ಪ್ರೆಡ್ನಿಸೊಲೋನ್ ಜೊತೆ ಕ್ಲೋರಾಂಬುಸಿಲ್ ಮಾತ್ರೆ ಕೊಟ್ಟು ಎರಡು ವರ್ಷ, ಅದಕ್ಕೂ ಹೆಚ್ಚು ಕಾಲ ಬದುಕಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಕ್ಯಾನ್ಸರ್ ಎಂಬ ಹೆಸರು ಕೇಳಿದ ಕೂಡಲೇ ಎಲ್ಲ ಮುಗಿಯಿತು ಎನ್ನುವುದು ಸರಿಯಲ್ಲ.

ನಮ್ಮ ಅಡುಗೆಮನೆಗಳ ಬಗ್ಗೆಯೂ ಹೇಳಲೇಬೇಕು. ಹಾಲು-ಅನ್ನ, ಮೊಸರನ್ನ ತಿಂದು ಬೆಳೆದ ಬೆಕ್ಕುಗಳು ನಮ್ಮಲ್ಲಿ ಸಾವಿರಾರು. ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ. ಟಾರಿನ್ ಎಂಬ ಅಂಶ ಅದಕ್ಕೆ ಆಹಾರದಿಂದಲೇ ಸಿಗಬೇಕು, ಸಿಗದಿದ್ದರೆ ಹೃದಯದ ಸ್ನಾಯು ಸಡಿಲಾಗುತ್ತದೆ ಎಂದು 1987ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಪಿಯಾನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಬೆಳೆದ ಬೆಕ್ಕಿಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿಯೂ ಕುಗ್ಗಿರುತ್ತದೆ. ಕರಾವಳಿಯಲ್ಲಿ ಮೀನು ಸಿಗುತ್ತದೆ, ಒಳ್ಳೆಯದೇ, ಆದರೆ ಬೇಯಿಸಿ ಕೊಡಿ. ಕೆಲವು ಹಸಿ ಮೀನುಗಳು ಬಿ1 ಜೀವಸತ್ವವನ್ನು ನಾಶ ಮಾಡುತ್ತವೆ. ಉಪ್ಪು ಹಾಕಿದ ಒಣಮೀನು ಕಿಡ್ನಿಯ ಬೆಕ್ಕಿಗೆ ಬೇಡವೇ ಬೇಡ. ಈರುಳ್ಳಿ-ಬೆಳ್ಳುಳ್ಳಿ ಬೆಂದ ಸಾರಿನ ಕೋಳಿ ತುಂಡು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಹೊರಗೆ ಹೋಗದ ಬೆಕ್ಕಿಗೆ ಅಪಾಯವಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮನೆಯೊಳಗೇ ಹಲ್ಲಿ, ಜಿರಲೆ ಇರುತ್ತವೆ. ಬಿಸಿ ದೇಶಗಳಲ್ಲಿ ಹಲ್ಲಿ ತಿಂದ ಬೆಕ್ಕಿನ ಪಿತ್ತನಾಳದಲ್ಲಿ ಒಂದು ಜಾತಿಯ ಚಪ್ಪಟೆ ಹುಳು ನೆಲೆಸಿ, ವಾಂತಿಯೂ ಕಾಮಾಲೆಯೂ ಬರುವುದುಂಟು. ಮಾಮೂಲಿ ಜಂತುಮಾತ್ರೆಗೆ ಅದು ಜಗ್ಗದಿರಬಹುದು, ಆದ್ದರಿಂದ ಹಲ್ಲಿ ಹಿಡಿಯುವ ಅಭ್ಯಾಸವಿದ್ದರೆ ವೈದ್ಯರಿಗೆ ಹೇಳಲೇಬೇಕು. ಹೂವಿನ ದಂಡೆಯ ದಾರ, ಹೊಲಿಗೆ ಯಂತ್ರದ ನೂಲು ಇನ್ನೂ ಭಯಾನಕ. ನಾಲಿಗೆಯ ಕೊಕ್ಕೆ ಹಿಂದಕ್ಕೇ ಬಾಗಿರುವುದರಿಂದ ಬಾಯಿಗೆ ಬಂದ ದಾರವನ್ನು ಉಗುಳಲಾಗದೆ ಬೆಕ್ಕು ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡರೆ ಕರುಳು ಲಂಗದ ನೆರಿಗೆಯಂತೆ ಮುದುಡಿ, ದಾರ ಅದನ್ನು ಕೊಯ್ಯುತ್ತದೆ. ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ದಯವಿಟ್ಟು ಎಳೆಯಬೇಡಿ, ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ. ಹೂಗುಚ್ಛದ ಲಿಲ್ಲಿಯ ಪರಾಗ ಮೈಗಂಟಿ, ಅದನ್ನು ನೆಕ್ಕಿದರೂ ಸಾಕು, ಮೂರು ದಿನದೊಳಗೆ ಮೂತ್ರಪಿಂಡ ನಿಲ್ಲಬಹುದು. ಬೆಕ್ಕಿರುವ ಮನೆಗೆ ಆ ಹೂವು ಬರಲೇಬಾರದು. ಜ್ವರ ಬಂದಿದೆಯೆಂದು ಪ್ಯಾರಸಿಟಮಾಲ್ ಕೊಡುವವರಿದ್ದಾರೆ. ಅದನ್ನು ನಿರ್ವಿಷಗೊಳಿಸುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಕಾಯಿಲೆ ಗೊತ್ತಾದ ಮೇಲೆ ಕೆಂಪಿಯ ಜೊತೆ ಕಳೆದ ಹತ್ತೊಂಬತ್ತು ತಿಂಗಳಲ್ಲಿ ನನಗೆ ಅತಿ ಹೆಚ್ಚು ನೆರವಾದದ್ದು ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು ಬರೆಯುವ ಚೌಕದಲ್ಲೇ ಕೆಂಪು ಶಾಯಿಯಲ್ಲಿ ವಾಂತಿಯ ಗುರುತು, ಪಕ್ಕದಲ್ಲಿ ಬಣ್ಣ. ಪ್ರತಿ ಭಾನುವಾರ ತೂಕ. ನಾನು ಅವಳನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನನ್ನದನ್ನು ಕಳೆಯುವುದು. ‘ಈಚೆಗೆ ಸ್ವಲ್ಪ ಜಾಸ್ತಿ’ ಎಂದರೆ ವೈದ್ಯರಿಗೆ ಏನೂ ತಿಳಿಯದು. ‘ಆಷಾಢದಲ್ಲಿ ನಾಲ್ಕು, ಶ್ರಾವಣದಲ್ಲಿ ಹನ್ನೊಂದು’ ಎಂದರೆ ಔಷಧ ಬದಲಾಗುತ್ತದೆ.

ಕಿಡ್ನಿ ಕೆಟ್ಟ ಬೆಕ್ಕಿನ ಮೈಯಲ್ಲಿ ನೀರಿನಂಶ ಕುಗ್ಗದಂತೆ ಚರ್ಮದಡಿಯ ಡ್ರಿಪ್ ಕೊಡಲು ಕಲಿತದ್ದು ನಮ್ಮ ವೈದ್ಯೆಯಿಂದ. ಎಷ್ಟು ಮಿಲಿ, ಎಷ್ಟು ದಿನಕ್ಕೊಮ್ಮೆ ಎಂದು ಅವರೇ ನಿಗದಿ ಮಾಡಬೇಕು, ಹೃದಯ ದುರ್ಬಲವಾಗಿದ್ದರೆ ಇದೇ ಅಪಾಯ. ಆರ್‌ಎಲ್ ಎಂಬ ಲವಣದ್ರಾವಣದ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಮೊಣಕೈಗೆ ತಾಗಿಸಿ ಬೆಚ್ಚಗಿದೆಯೇ ನೋಡುವುದು, ಕೂಸಿನ ಸ್ನಾನದ ನೀರು ನೋಡುವ ಹಾಗೆ. ಕಿಟಕಿಯ ಸರಳಿಗೆ ತೂಗುಹಾಕಿ, ಭುಜಗಳ ನಡುವಿನ ಚರ್ಮವನ್ನು ಬೆರಳುಗಳಿಂದ ಎತ್ತಿದರೆ ಅಲ್ಲಿ ಒಂದು ಸಣ್ಣ ಗುಡಾರವಾಗುತ್ತದೆ. ಅದರ ಬಾಗಿಲಿಗೆ ಸೂಜಿ. ಮೊದಲ ಸಲ ನನ್ನ ಕೈ ನಡುಗಿ ಸೂಜಿ ಆಚೆ ಬದಿಗೆ ಹೊರಬಂದು ಸೀರೆಯೆಲ್ಲ ಒದ್ದೆಯಾಯಿತು. ನಾಲ್ಕನೇ ಸಲದ ಹೊತ್ತಿಗೆ ಬೇಯಿಸಿದ ಸಿಗಡಿಯ ಒಂದು ಚೂರು ನೆಕ್ಕುತ್ತ ಅವಳು ಸುಮ್ಮನೆ ಕೂತಳು. ನೀರು ಹೋದ ಮೇಲೆ ಬೆನ್ನಿನ ಮೇಲೊಂದು ಬೆಚ್ಚನೆಯ ಚೀಲ ಎದ್ದು, ರಾತ್ರಿಯೊಳಗೆ ಮುಂಗಾಲಿಗಿಳಿದು, ಬೆಳಿಗ್ಗೆ ಮಾಯವಾಗಿರುತ್ತಿತ್ತು. ಅಂಥ ಬೆಳಗುಗಳಲ್ಲಿ ಅವಳು ತಾನಾಗಿ ಬಟ್ಟಲ ಬಳಿ ಬರುತ್ತಿದ್ದಳು.

ತಿನ್ನಿಸುವುದು ಇನ್ನೊಂದು ಸಾಧನೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತಿದೆ. ಮೊದಲ ದಿನ ಸುಡುವ ಹಾಲಿಗೆ ಬಾಯಿಟ್ಟ ಬೆಕ್ಕು ಆಮೇಲೆ ಹಾಲು ಕಂಡರೆ ಓಡಿತು. ಕಾಯಿಲೆಯ ಬೆಕ್ಕಿಗೂ ಆಗುವುದು ಅದೇ. ಓಕರಿಕೆ ಇರುವಾಗ ಬಲವಂತವಾಗಿ ಹೊಸ ಆಹಾರ ತುರುಕಿದರೆ, ತನ್ನ ಸಂಕಟಕ್ಕೆ ಆ ಆಹಾರವೇ ಕಾರಣವೆಂದು ಅದು ನೆನಪಿಟ್ಟುಕೊಂಡು ಮುಂದೆ ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಮೊದಲು ಓಕರಿಕೆ ನಿಲ್ಲಬೇಕು, ಅದಕ್ಕೆ ಮಾರೋಪಿಟೆಂಟ್, ಒಂಡಾನ್ಸೆಟ್ರಾನ್‌ನಂಥ ಔಷಧಗಳಿವೆ. ಆಮೇಲೆ ಕಿಡ್ನಿ ಆಹಾರವನ್ನು ಹಳೆಯದರ ಜೊತೆ ಚೂರು ಚೂರೇ ಬೆರೆಸುತ್ತ, ವಾರಗಟ್ಟಲೆ ತೆಗೆದುಕೊಂಡು ಬದಲಿಸಬೇಕು. ತುಟಿ ನೆಕ್ಕಿಕೊಳ್ಳುತ್ತ ಬಟ್ಟಲ ತನಕ ಬಂದು ಮುಖ ತಿರುಗಿಸಿದರೆ ಅದು ಹಟವಲ್ಲ, ಓಕರಿಕೆ. ಹಸಿವು ಹೆಚ್ಚಿಸಲು ಮಿರ್ಟಾಜಪಿನ್ ಇದೆ. ಏನೇ ಇರಲಿ, ಎರಡು ದಿನ ಪೂರ್ತಿ ತಿನ್ನದ ಬೆಕ್ಕನ್ನು, ಅದೂ ದಪ್ಪಗಿದ್ದರೆ, ಮನೆಯಲ್ಲಿಟ್ಟುಕೊಂಡು ಕಾಯಬಾರದು. ಮೈಯ ಕೊಬ್ಬೆಲ್ಲ ಯಕೃತ್ತಿಗೆ ಹರಿದು ಅದನ್ನು ಕೆಡಿಸುತ್ತದೆ. ಲಂಘನಂ ಪರಮೌಷಧಂ ಎಂಬ ಮಾತು ಬೆಕ್ಕಿಗೆ ಸಲ್ಲದು.

ವೈದ್ಯರ ನೆರವು ಎಲ್ಲರಿಗೂ ಒಂದೇ ದೂರದಲ್ಲಿಲ್ಲ. ಬೆಂಗಳೂರಿನಲ್ಲಿ 1958ರಿಂದ ಇರುವ ಹೆಬ್ಬಾಳದ ಪಶುವೈದ್ಯ ಕಾಲೇಜಿದೆ, ಸ್ಕ್ಯಾನಿಂಗ್ ಇರುವ ಖಾಸಗಿ ಕ್ಲಿನಿಕ್ಕುಗಳಿವೆ. ಬೀದರ್, ಶಿವಮೊಗ್ಗ, ಹಾಸನಗಳಲ್ಲೂ ಕಾಲೇಜುಗಳಿವೆ. ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರು ದಿನವಿಡೀ ಹಸು-ಎಮ್ಮೆ-ಕುರಿಗಳಿಗೆ ಓಡಾಡುತ್ತಿರುತ್ತಾರೆ, ಬೆಕ್ಕಿನ ಟಿ4 ಅಲ್ಲಿ ಸಿಗುವುದು ಕಷ್ಟ. ಆದರೂ ತೂಕ, ಮೂತ್ರದ ಸಾಂದ್ರತೆ, ಕ್ರಿಯಾಟಿನಿನ್ ಇವಿಷ್ಟು ದುಬಾರಿ ಯಂತ್ರ ಬೇಡುವ ಪರೀಕ್ಷೆಗಳಲ್ಲ. ಹತ್ತು ತುಂಬಿದ ಬೆಕ್ಕಿಗೆ ಆರು ತಿಂಗಳಿಗೊಮ್ಮೆ ಇವನ್ನು ಮಾಡಿಸಿಕೊಂಡರೆ ನನ್ನ ಹಾಗೆ ಒಂದು ವರ್ಷ ಕಳೆದುಕೊಳ್ಳಬೇಕಿಲ್ಲ.

ಮತ್ತೆ, ಕೊನೆಯ ಪ್ರಶ್ನೆ. ಯಾವಾಗ ಸಾಕು? ಕ್ಯಾನ್ಸರ್ ತಜ್ಞೆ ಆಲಿಸ್ ವಿಲಾಲೋಬೋಸ್ ಎಂಬ ಪಶುವೈದ್ಯೆ 2004ರಲ್ಲಿ ಏಳು ಪ್ರಶ್ನೆಗಳ ಒಂದು ಅಳತೆ ಮಾಡಿಕೊಟ್ಟರು. ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬುದು. ಒಂದೊಂದಕ್ಕೆ ಹತ್ತು ಅಂಕ, ಒಟ್ಟು 35 ಮೀರಿದರೆ ಮುಂದುವರಿಯಬಹುದು. ನಾನು ಅದನ್ನೂ ಕ್ಯಾಲೆಂಡರಿನಲ್ಲಿ ಬರೆಯತೊಡಗಿದೆ. ನಮ್ಮಲ್ಲಿ ದಯಾಮರಣ ಎಂದರೆ ಪಾಪವೆಂಬ ಅಳುಕು ಬಹಳ ಜನಕ್ಕಿದೆ, ನನಗೂ ಇತ್ತು. ಕಾರ್ತಿಕ ಮಾಸದ ಒಂದು ವಾರ ಪೂರ್ತಿ ಅಂಕ 20 ದಾಟಲಿಲ್ಲ. ಅವಳು ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿದ್ದಳು. ವೈದ್ಯೆ ಮನೆಗೇ ಬಂದರು. ಕಿಟಕಿಯ ಬಳಿಯ ಅವಳದೇ ದಿಂಬಿನ ಮೇಲೆ, ನನ್ನ ಕೈ ಅವಳ ಕಿವಿಯ ಹಿಂದೆ ಇರುವಾಗ, ಅರಿವಳಿಕೆಯ ನಿದ್ದೆಯೊಳಗೇ ಮುಗಿಯಿತು.

ಸೀಲು ಒಡೆಯದ ಆರು ಆರ್‌ಎಲ್ ಬಾಟಲಿ ಉಳಿದಿದ್ದವು. ಎರಡು ತಿಂಗಳ ಮೇಲೆ ಕೆಳಗಿನ ಮಹಡಿಯ ಹುಡುಗಿ ಬಂದು, ‘ಆಂಟಿ, ನಮ್ಮ ಬೆಕ್ಕಿಗೂ ಕಿಡ್ನಿ ಅಂತೆ, ಎರಡನೇ ಸ್ಟೇಜು, ಮನೇಲೇ ಡ್ರಿಪ್ ಹಾಕಿ ಅಂದಿದ್ದಾರೆ, ನನಗೆ ಭಯ’ ಎಂದಳು. ಬಾಟಲಿಗಳ ಮೇಲಿನ ತಾರೀಕು ನೋಡಿ, ಚೀಲಕ್ಕೆ ಹಾಕಿಕೊಂಡು ಇಳಿದು ಹೋದೆ. ಬಿಳಿ-ಕಪ್ಪು ಮಚ್ಚೆಯ ಗಂಡು ಬೆಕ್ಕು, ಹನ್ನೊಂದು ವರ್ಷ, ಸೋಫಾದ ಹಿಂದೆ ಅಡಗಿತ್ತು. ಅದು ತಾನಾಗಿ ಹೊರಬರುವ ತನಕ ಕಾದು, ಅವಳ ಬೆರಳು ಹಿಡಿದು ಅದರ ಭುಜದ ನಡುವಿನ ಚರ್ಮವನ್ನು ಮೆಲ್ಲಗೆ ಎತ್ತಿಸಿದೆ. ‘ಇಷ್ಟೇ’ ಎಂದೆ. ‘ಗುಡಾರದ ಹಾಗೆ. ಈಗ ನೀರು ಬೆಚ್ಚಗಿದೆಯಾ, ಮೊಣಕೈಗೆ ತಾಗಿಸಿ ನೋಡು.’